ಶಾಲೆಗೆ ಹಣ ಯಾರು ಕೊಡಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಹರವೆಯಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ವಿಸ್ತರಿಸಿ ಬರೆದುಕೊಟ್ಟಿದ್ದೇನೆ.)



ನನಗೆ ಕೊಟ್ಟಿರುವ ವಿಷಯ ‘ಅಮೆರಿಕದ ಶಿಕ್ಷಣದಿಂದ ನಾವು ಕಲಿಯಬೇಕಾದದ್ದು’. ವಿಷಯ ಕೊಟ್ಟ ಕಾರ್ಯದರ್ಶಿಗಳ ಮನಸ್ಸಿನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು, ಸ್ಕಾಲರ್‌ಶಿಪ್‌ಗಳು ಇದ್ದವೆಂದು ಕಾಣುತ್ತದೆ. ಅವುಗಳ ಬಗ್ಗೆ ಹೇಳಲು ನನಗಿಂತ ತಿಳಿದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಪ್ರಾಥಮಿಕ ಶಾಲೆಯ ಟೀಚರು. ಆದ್ದರಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಹುಡುಕಿ ಓದಿದೆ. ಓದಿದ ಮೇಲೆ ನನಗೆ ಅಮೆರಿಕಕ್ಕಿಂತ ಹೆಚ್ಚಾಗಿ ನಮ್ಮ ಹೋಬಳಿಯೇ ನೆನಪಿಗೆ ಬಂತು. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ಅಮೆರಿಕ ಎಂದರೆ ಎಲ್ಲ ಶಾಲೆಗಳೂ ಅರಮನೆಯಂತೆ ಇರುತ್ತವೆ ಎಂದು ನಾವು ಭಾವಿಸಿದ್ದೇವೆ. ಅಲ್ಲಿ ಸಾರ್ವಜನಿಕ ಶಾಲೆಗೆ ಫೀ ಇಲ್ಲ, ನಿಜ. ಆದರೆ ಆ ಶಾಲೆಯ ಖರ್ಚಿನ ದೊಡ್ಡ ಪಾಲು, ಹೆಚ್ಚು ಕಡಿಮೆ ಅರ್ಧದ ಹತ್ತಿರ ಹತ್ತಿರ, ಆಯಾ ಶಾಲಾ ವಲಯದಿಂದಲೇ ಬರಬೇಕು. ಅದರಲ್ಲಿ ಮುಖ್ಯವಾದದ್ದು ಮನೆ ಮತ್ತು ಜಾಗದ ಮೇಲಿನ ತೆರಿಗೆ. ಉಳಿದದ್ದರಲ್ಲಿ ಹೆಚ್ಚಿನದನ್ನು ರಾಜ್ಯ ಕೊಡುತ್ತದೆ, ಕೇಂದ್ರ ಸರ್ಕಾರದ್ದು ಸ್ವಲ್ಪ. ಇದರ ಅರ್ಥವೇನೆಂದು ಯೋಚಿಸಿ ನೋಡಿ. ನಮ್ಮ ಗ್ರಾಮ ಪಂಚಾಯಿತಿ ವಸೂಲು ಮಾಡುವ ಮನೆ ಕಂದಾಯದಿಂದಲೇ ನಮ್ಮ ಶಾಲೆಯ ಮೇಷ್ಟ್ರ ಅರ್ಧ ಸಂಬಳ ಕೊಡಬೇಕು ಎಂದರೆ ಏನಾಗುತ್ತಿತ್ತು? ಬೆಂಗಳೂರಿನ ಜಯನಗರದ ಶಾಲೆಗೆ ಹತ್ತು ಜನ ಟೀಚರು ಇರುತ್ತಿದ್ದರು. ಹರವೆಗೆ ಒಬ್ಬರು ಸಿಕ್ಕಿದ್ದರೆ ನಮ್ಮ ಪುಣ್ಯ.

ಇದು ಕಲ್ಪನೆಯ ಮಾತಲ್ಲ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಡ್ಜ್‌ವುಡ್ ಎಂಬ ಶಾಲಾ ವಲಯವಿದೆ. ಮೆಕ್ಸಿಕೋ ಮೂಲದ ಬಡ ಕುಟುಂಬಗಳೇ ಅಲ್ಲಿ ಹೆಚ್ಚು. 1968ರ ಮೇ ತಿಂಗಳಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಕಟ್ಟಡ ಸರಿಯಿಲ್ಲ, ಅರ್ಹ ಶಿಕ್ಷಕರಿಲ್ಲ ಎಂಬುದು ಅವರ ದೂರು. ಅದೇ ವರ್ಷ ಪೋಷಕರು ನ್ಯಾಯಾಲಯಕ್ಕೆ ಹೋದರು. ಮುಂದೆ ನಿಂತವರು ಡಿಮೆಟ್ರಿಯೋ ರಾಡ್ರಿಗೆಸ್, ವಾಯುಪಡೆಯ ನೆಲೆಯೊಂದರಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದವರು. ನಮ್ಮಲ್ಲಿ ವೆಲ್ಡಿಂಗ್ ಶಾಪಿನಲ್ಲಿ ದುಡಿಯುವವರು ಎಷ್ಟು ಜನರಿಲ್ಲ, ಅಂತಹ ಒಬ್ಬ ತಂದೆ.

ಆ ಮೊಕದ್ದಮೆಯಲ್ಲಿ ಹೊರಬಂದ ಲೆಕ್ಕವನ್ನು ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಬೇಕು. ಅದೇ ನಗರದ ಶ್ರೀಮಂತ ವಲಯದ ಹೆಸರು ಅಲಾಮೋ ಹೈಟ್ಸ್. 1967–68ರಲ್ಲಿ ಒಂದು ಮಗುವಿನ ಪಾಲಿಗೆ ಬರುವ ಆಸ್ತಿಯ ಬೆಲೆ ಎಡ್ಜ್‌ವುಡ್‌ನಲ್ಲಿ 5,960 ಡಾಲರ್, ಅಲಾಮೋ ಹೈಟ್ಸ್‌ನಲ್ಲಿ 49,000 ಡಾಲರಿಗೂ ಹೆಚ್ಚು. ಬಡವರು ತೆರಿಗೆ ಕಟ್ಟಲಿಲ್ಲ ಎಂದು ತಾವು ಹೇಳಬಹುದು. ಹಾಗಲ್ಲ. ನೂರು ಡಾಲರ್ ಆಸ್ತಿಗೆ ಎಡ್ಜ್‌ವುಡ್‌ನವರು 1.05 ಡಾಲರ್ ದರದಲ್ಲಿ ಕಟ್ಟುತ್ತಿದ್ದರು, ಅಲಾಮೋ ಹೈಟ್ಸ್‌ನವರು 0.85 ಡಾಲರ್ ಮಾತ್ರ. ಬಡವರ ದರವೇ ಹೆಚ್ಚು. ಆದರೂ ಆ ತೆರಿಗೆಯಿಂದ ಶಾಲೆಗೆ ದಕ್ಕಿದ್ದು ಎಡ್ಜ್‌ವುಡ್‌ನಲ್ಲಿ ಒಂದು ಮಗುವಿಗೆ 26 ಡಾಲರ್, ಅಲಾಮೋ ಹೈಟ್ಸ್‌ನಲ್ಲಿ 333 ಡಾಲರ್. ರಾಜ್ಯ ಸರ್ಕಾರ ಇಬ್ಬರಿಗೂ ಹೆಚ್ಚು ಕಡಿಮೆ ಸಮನಾಗಿಯೇ ಕೊಟ್ಟಿತು, 222 ಮತ್ತು 225. ಕೇಂದ್ರದಿಂದ 108 ಮತ್ತು 36. ಎಲ್ಲ ಕೂಡಿದರೆ ಒಂದು ಕಡೆ 356, ಇನ್ನೊಂದು ಕಡೆ 594. ಒಂದೇ ನಗರ, ಒಂದೇ ಬಾವುಟ, ಎರಡು ಬಗೆಯ ಮಕ್ಕಳು.

1973ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ರಾಡ್ರಿಗೆಸ್ ಸೋತರು. ಶಿಕ್ಷಣ ಎಂಬುದು ಆ ದೇಶದ ಸಂವಿಧಾನದಲ್ಲಿ ಹೇಳಿರುವ ಹಕ್ಕಲ್ಲ ಎಂಬುದು ಬಹುಮತದ ವಾದದ ತಿರುಳು. ಒಪ್ಪದೆ ಬೇರೆ ತೀರ್ಪು ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿ ಅವರು. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ತಪ್ಪು ಎಂಬ 1954ರ ಪ್ರಸಿದ್ಧ ತೀರ್ಪಿಗಾಗಿ ವಕೀಲರಾಗಿ ವಾದಿಸಿದವರೂ ಅವರೇ. ಜನಾಂಗದ ಗೋಡೆ ಕಾನೂನಿನಲ್ಲಿ ಬಿದ್ದ ಮೇಲೂ ಹಣದ ಗೋಡೆ ನಿಂತೇ ಇತ್ತು. ಮುಂದೆ 1989ರಲ್ಲಿ ಟೆಕ್ಸಾಸಿನದೇ ಉಚ್ಚ ನ್ಯಾಯಾಲಯ, ಈ ಪದ್ಧತಿ ನಮ್ಮ ರಾಜ್ಯದ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 1993ರಲ್ಲಿ ಶ್ರೀಮಂತ ವಲಯದ ತೆರಿಗೆಯಲ್ಲಿ ಒಂದು ಭಾಗವನ್ನು ಬಡ ವಲಯಕ್ಕೆ ಹಂಚುವ ಕಾನೂನು ಬಂತು. ರಾಡ್ರಿಗೆಸ್ ಅವರ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿ ಹೋಗಿದ್ದರು. ಈಗ ಅದೇ ಟೆಕ್ಸಾಸ್ 2025ರ ಮೇ ತಿಂಗಳಲ್ಲಿ, ಖಾಸಗಿ ಶಾಲೆಗೆ ಹೋಗುವ ಮಕ್ಕಳ ಖರ್ಚಿಗೆ ನೂರು ಕೋಟಿ ಡಾಲರ್ ಸರ್ಕಾರಿ ಹಣ ಕೊಡುವ ಕಾನೂನು ಮಾಡಿದೆ. ಸಾರ್ವಜನಿಕ ಶಾಲೆಯನ್ನು ಮೊದಲು ಬಡವಾಗಿಸುವುದು, ಬಡವಾಯಿತು ಎಂದು ದೂರುವುದು, ಆಮೇಲೆ ಬಿಟ್ಟು ಹೋಗಲು ಹಣ ಕೊಡುವುದು. ಇದು ನನ್ನ ಅಭಿಪ್ರಾಯ. ಒಪ್ಪದವರೂ ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಪರೀಕ್ಷೆಯ ಕಥೆಯೂ ಒಂದಿದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 2002ರ ಜನವರಿಯಲ್ಲಿ ಅಲ್ಲಿ ‘ಯಾವ ಮಗುವೂ ಹಿಂದುಳಿಯಬಾರದು’ ಎಂಬ ಹೆಸರಿನ ಕಾನೂನು ಬಂತು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಪರೀಕ್ಷೆ, ಅಂಕ ಬಾರದ ಶಾಲೆಗಳ ಮೇಲೆ ಕ್ರಮ. ಅಟ್ಲಾಂಟಾ ನಗರದಲ್ಲಿ ಏನಾಯಿತು ಗೊತ್ತೇ? 2009ರ ಪರೀಕ್ಷೆಗಳಲ್ಲಿ ಶಿಕ್ಷಕರೇ ಮಕ್ಕಳ ಉತ್ತರ ತಿದ್ದಿದ್ದರು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿಯ ಹೆಸರು ಬಂತು. ನಾನು ಇದನ್ನು ಓದಿ ನಗಲಿಲ್ಲ. 2024ರಲ್ಲಿ ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ವರ್ಷ, ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದರೂ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ತಕ್ಕಡಿ ಬದಲಾಯಿಸಿದರೆ ಕಾಳಿನ ತೂಕ ಹೆಚ್ಚುವುದಿಲ್ಲ.

ಈಗ ಹರವೆಗೆ ಬರೋಣ.

ಹೋಬಳಿ ಎಂಬ ಮಾತು ನಮಗೆ ನಾಡ ಕಚೇರಿಯಿಂದ, ಪಹಣಿಯಿಂದ ಪರಿಚಯ. ಅದೇ ಮಾತು ಶಾಲೆಯ ಚರಿತ್ರೆಯಲ್ಲಿಯೂ ಇದೆ ಎಂಬುದು ನನಗೆ ಬಿ.ಎಡ್. ಓದುವಾಗಲೇ ಗೊತ್ತಾದದ್ದು. 1868ರಲ್ಲಿ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಶಾಸನಗಳ ರೈಸ್ ಎಂದರೆ ತಮಗೆ ಬೇಗ ತಿಳಿಯುತ್ತದೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕಲ್ಲುಗಳನ್ನು ಓದಿಸಿ ಅಚ್ಚು ಹಾಕಿಸಿದವರೂ ಅವರೇ. ಶಾಲೆಯ ಮನೆಯನ್ನು ಊರವರು ಒದಗಿಸಬೇಕು, ಮೇಷ್ಟ್ರ ಖರ್ಚು ಕಂದಾಯದ ಜೊತೆ ಎತ್ತುವ ಸ್ಥಳೀಯ ಸೆಸ್‌ನಿಂದ ಬರಬೇಕು ಎಂಬುದು ಆ ಏರ್ಪಾಡು. ಅಂದರೆ ನಾವೂ ಮೊದಲು ಹೊರಟದ್ದು ಅಮೆರಿಕದ ದಾರಿಯಲ್ಲೇ, ಭೂಮಿಯ ಮೇಲಿನ ತೆರಿಗೆಯಿಂದಲೇ. ಆದರೆ ನಾವು ಅಲ್ಲಿ ನಿಲ್ಲಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡುವ ಕಾಯಿದೆ ಬಂತು. 1941ರಲ್ಲಿ ಮೈಸೂರು ಸರ್ಕಾರ ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಸಂಸ್ಥೆಗಳ ಕೈಯಿಂದ ತಾನೇ ವಹಿಸಿಕೊಂಡಿತು. ಅದರ ಫಲವನ್ನು ನಾನು ಪ್ರತಿ ತಿಂಗಳೂ ಉಣ್ಣುತ್ತಿದ್ದೇನೆ. ನನ್ನ ಮೂಲ ವೇತನದ ಶ್ರೇಣಿಯೂ ಬೆಂಗಳೂರಿನ ನನ್ನ ದರ್ಜೆಯ ಟೀಚರ ಶ್ರೇಣಿಯೂ ಒಂದೇ. ಹರವೆಯಲ್ಲಿ ಮನೆ ಕಂದಾಯ ಕಡಿಮೆ ಎಂದು ನನಗೆ ಸಂಬಳ ಕಡಿಮೆಯಾಗುವುದಿಲ್ಲ.

ಇನ್ನೊಂದು ವಿಷಯದಲ್ಲಿಯೂ ನಾವು ಮುಂದಿದ್ದೇವೆ. ರಾಡ್ರಿಗೆಸ್ ಅವರಿಗೆ ಇಲ್ಲವೆಂದು ಹೇಳಿದ ಹಕ್ಕು ನಮಗೆ ಇದೆ. 1992ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕು ಎಂದು ಕರೆಯಿತು. ಅದು ಕರ್ನಾಟಕದ್ದೇ ಪ್ರಕರಣ, ವೈದ್ಯಕೀಯ ಕಾಲೇಜಿನ ಕ್ಯಾಪಿಟೇಶನ್ ಹಣದ ಮೇಲೆ ಹೂಡಿದ್ದು. 2002ರಲ್ಲಿ ಸಂವಿಧಾನಕ್ಕೆ 21-ಎ ವಿಧಿ ಸೇರಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಗು ಕೇಳಿದರೆ ಸರ್ಕಾರ ಇಲ್ಲ ಎನ್ನುವಂತಿಲ್ಲ.

ಇಲ್ಲೊಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಕೆಲವರು ‘ಸರ್ಕಾರಿ ಶಾಲೆ ಪುಕ್ಕಟೆ’ ಎನ್ನುತ್ತಾರೆ. ಪುಕ್ಕಟೆಯಲ್ಲ. ಅಂಗಡಿಯಲ್ಲಿ ಸೋಪು ಕೊಂಡ ಕೂಲಿಯವನೂ ತೆರಿಗೆ ಕೊಟ್ಟಿರುತ್ತಾನೆ. ಆದಾಯ ತೆರಿಗೆ ಕಟ್ಟುವವರು 2004ರಿಂದ ಶಿಕ್ಷಣದ ಸೆಸ್ ಕಟ್ಟುತ್ತಾ ಬಂದಿದ್ದಾರೆ. ಮೊದಲು ಶೇಕಡಾ 2 ಇತ್ತು, 2018ರಿಂದ ಆರೋಗ್ಯವೂ ಸೇರಿ ಶೇಕಡಾ 4 ಆಗಿದೆ. ಆ ಹಣದ ಶಾಲೆಯನ್ನು ಬಿಟ್ಟು ಬೇರೆ ಕಡೆ ಫೀ ಕಟ್ಟುವವರು ಒಂದೇ ಶಿಕ್ಷಣಕ್ಕೆ ಎರಡು ಸಲ ಹಣ ಕೊಡುತ್ತಿದ್ದಾರೆ.

ಇಷ್ಟೆಲ್ಲ ಇದ್ದ ಮೇಲೆ ಕೊರತೆ ಎಲ್ಲಿದೆ? ಸಂಬಳ ರಾಜ್ಯದ ಬೊಕ್ಕಸದಿಂದ ಬಂದರೂ, ಶಾಲೆ ದಿನ ನಿತ್ಯ ನಡೆಯಲು ಬೇಕಾದ ಹಣ ತಲೆ ಎಣಿಸಿ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಕೊಡುವ ಸಂಯುಕ್ತ ಅನುದಾನವಿದೆ. ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲ್, ಸಣ್ಣ ಪುಟ್ಟ ರಿಪೇರಿ ಎಲ್ಲವೂ ಅದರಲ್ಲೇ. ಅದರ ಮಾನದಂಡದಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ 10,000 ರೂಪಾಯಿ. 31ರಿಂದ 100ರವರೆಗೆ 25,000. 250ರವರೆಗೆ 50,000. ಒಂದು ಶಾಲೆಗೆ ಮಕ್ಕಳು ಕಡಿಮೆಯಾದರೆ ಸೋರುವ ಹೆಂಚೂ ಕಡಿಮೆಯಾಗುತ್ತದೆಯೇ? ಗೋಡೆ ಅಷ್ಟೇ, ಶೌಚಾಲಯ ಅಷ್ಟೇ. ಕರೆಂಟು ಮತ್ತು ನೀರಿನ ಬಿಲ್ಲು ಇನ್ನು ಮುಂದೆ ಉಚಿತ ಎಂದು 2023ರ ರಾಜ್ಯೋತ್ಸವದ ದಿನ ಸರ್ಕಾರ ಘೋಷಿಸಿತು, ಅದೊಂದು ಸಮಾಧಾನ.

ನಾನು ಕಲಿಸುವ ಶಾಲೆಯ ಹೆಸರು ಹೇಳುವುದಿಲ್ಲ, ತಮ್ಮಲ್ಲಿ ಹಲವರಿಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮಲ್ಲಿ 34 ಮಕ್ಕಳಿದ್ದರು. ಒಂದೇ ಬೇಸಿಗೆ ರಜೆಯಲ್ಲಿ ಐದು ಮಕ್ಕಳ ಟಿ.ಸಿ. ಹೋಯಿತು. 29 ಉಳಿದರು. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಈಗಾಗಲೇ ಮಾಡಿ ಮುಗಿಸಿರಬೇಕು. 25,000ದ ಪಟ್ಟಿಯಿಂದ ನಾವು 10,000ದ ಪಟ್ಟಿಗೆ ಇಳಿದೆವು. ಐದು ಮಕ್ಕಳು ಹೋದದ್ದಕ್ಕೆ 15,000 ರೂಪಾಯಿ ಹೋಯಿತು, ಉಳಿದ 29 ಮಕ್ಕಳ ಪಾಲಿನದು. ಆ ವರ್ಷ ಮಳೆಗಾಲದಲ್ಲಿ ನಲಿ-ಕಲಿ ಕೋಣೆಯ ಮೂಲೆಯಲ್ಲಿ ಬಕೆಟ್ ಇಟ್ಟು ಪಾಠ ಮಾಡಿದೆವು. ಹೆಂಚು ಹೊದಿಸುವವನು ಕೇಳಿದ ಹಣ ನಮ್ಮ ಖಾತೆಯಲ್ಲಿ ಇರಲಿಲ್ಲ.

ಬಿಟ್ಟು ಹೋದವರು ಯಾರೂ ಶ್ರೀಮಂತರಲ್ಲ. ಒಬ್ಬರು ಬಾಳೆಗೊನೆ ಲೋಡ್ ಮಾಡುವವರು. ಅವರು ಮಗನ ಟಿ.ಸಿ.ಗೆ ಅರ್ಜಿ ಕೊಟ್ಟಾಗ, ಮನವೊಲಿಸೋಣ ಎಂದು ಸಂಜೆ ಅವರ ಮನೆಗೆ ಹೋದೆ. ಹುಡುಗನ ಉರ್ದು ಬರವಣಿಗೆ ಎಷ್ಟು ಚೆನ್ನಾಗಿದೆ, ಕನ್ನಡ ಓದು ಈಗ ತಾನೇ ಹಿಡಿತಕ್ಕೆ ಬರುತ್ತಿದೆ, ಇನ್ನೆರಡು ವರ್ಷ ಬಿಡಿ ಎಂದೆಲ್ಲ ಹೇಳಿದೆ. ಅವರು ಚಹಾ ತರಿಸಿದರು. ಎಲ್ಲ ಕೇಳಿಸಿಕೊಂಡರು. ಕೊನೆಗೆ, ‘ಟೀಚರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ಮಗಳನ್ನ ಎಲ್ಲಿ ಸೇರಿಸಿದ್ದೀರಿ?’ ಎಂದು ಕೇಳಿದರು.

ಆ ಐದು ಟಿ.ಸಿ.ಗಳಲ್ಲಿ ಮೊದಲನೆಯದು ನನ್ನ ಮಗಳದು.

ಎರಡನೆಯ ತರಗತಿಯವರೆಗೆ ಅವಳನ್ನು ನನ್ನ ಕೈ ಹಿಡಿದುಕೊಂಡೇ ಶಾಲೆಗೆ ಕರೆದೊಯ್ಯುತ್ತಿದ್ದೆ. ಇಂಗ್ಲಿಷ್ ಬಾರದಿದ್ದರೆ ಮುಂದೆ ಕಷ್ಟ ಎಂದು ಮನೆಯಲ್ಲಿ ಮಾತು ನಡೆಯಿತು. ಅತ್ತೆಯವರು ಹೇಳಿದರು, ಮನೆಯವರು ಹೇಳಿದರು, ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಈಗ ಅವಳು ಬೆಳಿಗ್ಗೆ ಏಳೂವರೆಗೆ ವ್ಯಾನು ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾಳೆ. ಆ ಶಾಲೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಟೀಚರ ಮಗಳೇ ಹೋದ ಮೇಲೆ ಉಳಿದ ನಾಲ್ವರು ಯಾಕೆ ಉಳಿಯಬೇಕು? ಫೀ, ವ್ಯಾನು, ಪುಸ್ತಕ, ಯೂನಿಫಾರಂ ಸೇರಿ ಒಂದು ಮನೆಗೆ ವರ್ಷಕ್ಕೆ 25,000ಕ್ಕೆ ಕಡಿಮೆಯಿಲ್ಲ. ಐದು ಮನೆಯಿಂದ ಒಂದೂಕಾಲು ಲಕ್ಷ. ಅದರ ಹತ್ತನೆಯ ಒಂದು ಪಾಲಿನ ಕಾಳಜಿಯನ್ನು ನಾವು ಐವರೂ ಅದೇ ಹೆಂಚಿನ ಕೋಣೆಯ ಮೇಲೆ ಇಟ್ಟಿದ್ದರೆ ಅದು ಸೋರುತ್ತಿರಲಿಲ್ಲ. ಹಣದ ಮಾತಲ್ಲ ನಾನು ಹೇಳುತ್ತಿರುವುದು. ನಮ್ಮ ಕೈಯಿಂದ ಹಣ ಹಾಕಬೇಕಾಗಿಯೇ ಇಲ್ಲ. ಕೇಳುವ ಬಾಯಿ ಇದ್ದರೆ ಸಾಕಿತ್ತು.

ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಒಂದು ಸುತ್ತೋಲೆ ಹೊರಟಿತ್ತು. ಕಡ್ಡಾಯವಲ್ಲ, ಇಷ್ಟವಿದ್ದವರು ಎಂದಿತ್ತು. ರಾಜ್ಯದಾದ್ಯಂತ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ನಮ್ಮಲ್ಲಿ ಕೆಲವು ಹಿರಿಯರು, ‘ನೂರು ರೂಪಾಯಿ ಏನು ಮಹಾ, ಕೊಟ್ಟರೆ ನಮ್ಮ ಮಕ್ಕಳಿಗೇ ಅಲ್ಲವೇ’ ಎಂದಿದ್ದರು. ಅವರ ಮನಸ್ಸು ದೊಡ್ಡದು. ಆದರೆ ಎಡ್ಜ್‌ವುಡ್‌ನ 26 ಡಾಲರನ್ನು ನೆನಪಿಸಿಕೊಳ್ಳಿ. ಪೋಷಕರ ಜೇಬಿನಿಂದ ಶಾಲೆ ನಡೆಯಲು ಶುರುವಾದರೆ, ದೊಡ್ಡ ಜೇಬಿನ ಊರಿಗೆ ದೊಡ್ಡ ಶಾಲೆ, ಹರಿದ ಜೇಬಿನ ಊರಿಗೆ ಹರಿದ ಶಾಲೆ. ಹಣ ದೂರದಿಂದ, ಎಲ್ಲರಿಂದಲೂ ಬರಬೇಕು. ಕಾವಲು ಮಾತ್ರ ಹತ್ತಿರದವರದಾಗಬೇಕು. ಅಮೆರಿಕದ ಬಡ ಪೋಷಕರು ಬೀದಿಗಿಳಿದರು, ಹಣ ದಕ್ಕಲಿಲ್ಲ. ನಮಗೆ ಹಣದ ಹಕ್ಕು ಇದೆ, ಕಾಯಬೇಕಾದವರು ವ್ಯಾನು ಹತ್ತಿ ಹೊರಟಿದ್ದೇವೆ.

ಶಿಕ್ಷಣ ಹಕ್ಕು ಕಾಯಿದೆಯ ಶೇಕಡಾ 25ರ ಸೀಟಿನ ವಿಷಯ ತಮಗೆ ತಿಳಿದಿದೆ. ಬಡ ಮಕ್ಕಳು ಖಾಸಗಿ ಶಾಲೆಗೆ ಹೋಗಬಹುದಿತ್ತು, ಫೀಯನ್ನು ಸರ್ಕಾರ ಶಾಲೆಗೆ ತುಂಬಿಕೊಡುತ್ತಿತ್ತು. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಆ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೀಟು ಕಳೆದುಕೊಂಡ ತಾಯಂದಿರ ಸಿಟ್ಟು ನ್ಯಾಯವಾದದ್ದೇ. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಇರಲಿ ಎಂಬ ತತ್ವ ನನಗೆ ಒಪ್ಪಿಗೆ. ಆದರೆ ಉಳಿಸಿದ ಹಣ ನಮ್ಮ ಹೆಂಚಿಗೆ ಬಂತೇ ಎಂದು ಕೇಳಿದಾಗ ಮಾತ್ರ ಆ ತತ್ವಕ್ಕೆ ಬೆಲೆ.

ಇನ್ನು ಸಂಘದ ಮುಂದಿರುವ ಪ್ರಸ್ತಾಪದ ಬಗ್ಗೆ. ಕಳೆದ ಸಭೆಯಲ್ಲಿ ನಮ್ಮದೇ ಒಂದು ಇಂಗ್ಲಿಷ್ ಮಾಧ್ಯಮ ಶಾಲೆ ತೆರೆಯಬೇಕೆಂಬ ಮಾತು ಬಂದಿತ್ತು. ಚಂದಾ ಎತ್ತಲು ಕೆಲವರು ಸಿದ್ಧರಿದ್ದಾರೆ. ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಕಟ್ಟಿದ್ದನ್ನು ಉದಾಹರಣೆ ಕೊಟ್ಟರು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಹಿರಿಯರ ಕ್ಷಮೆ ಕೇಳಿ ಎರಡು ಮಾತು ಹೇಳುತ್ತೇನೆ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಒಂದೇ ಪೀಠ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ ಕರ್ನಾಟಕ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಇನ್ನೊಂದರಲ್ಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಈ ಎರಡನೆಯದನ್ನು ದೊಡ್ಡ ಪೀಠ ಮತ್ತೆ ನೋಡಬೇಕೆಂಬ ಅಭಿಪ್ರಾಯ 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯದಲ್ಲಿ ಬಂದಿದೆ. ಅದೇನೇ ಇರಲಿ, ಅನುದಾನವಿಲ್ಲದ ನಮ್ಮ ಹೊಸ ಶಾಲೆ ನಡೆಯಬೇಕಾದದ್ದು ಫೀಯಿಂದ. ಫೀ ಕಟ್ಟಬಲ್ಲ ನಲವತ್ತು ಮನೆಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಗುಜರಿ ಆಯುವವನ ಮಗ, ಬೀಡಿ ಕಟ್ಟುವವಳ ಮಗಳು ಎಲ್ಲಿರುತ್ತಾರೆ? 10,000ದ ಪಟ್ಟಿಯ ಶಾಲೆಯಲ್ಲಿ. ಒಂದೇ ಮೊಹಲ್ಲಾದಲ್ಲಿ ನಾವೇ ಒಂದು ಅಲಾಮೋ ಹೈಟ್ಸ್, ಒಂದು ಎಡ್ಜ್‌ವುಡ್ ಕಟ್ಟಿದಂತಾಗುತ್ತದೆ. 2006ರ ಸಾಚಾರ್ ಸಮಿತಿಯ ವರದಿಯನ್ನು ನಾವೆಲ್ಲ ಭಾಷಣದಲ್ಲಿ ಉಲ್ಲೇಖಿಸುತ್ತೇವೆ. ಮದರಸಾದಲ್ಲಿ ಓದುವ ಮುಸ್ಲಿಂ ಮಕ್ಕಳು ನೂರಕ್ಕೆ ಮೂರು ನಾಲ್ಕು ಮಾತ್ರ ಎಂಬುದನ್ನು ಹೇಳುತ್ತೇವೆ. ನಮ್ಮ ಮಕ್ಕಳಲ್ಲಿ ಬಹುಪಾಲು ಸರ್ಕಾರಿ ಶಾಲೆಯಲ್ಲಿಯೇ ಇದ್ದಾರೆ ಎಂಬ, ಅದೇ ವರದಿಯ ಮಾತನ್ನು ಹೇಳುವುದು ಕಡಿಮೆ.

ಇಂಗ್ಲಿಷ್ ಬೇಡವೇ ಎಂದು ಕೇಳುತ್ತೀರಿ. ಬೇಕು. 2019ರ ಜೂನ್‌ನಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಅದು ಹೆಚ್ಚು ಮಕ್ಕಳಿದ್ದ, ಕೇಳುವ ಪೋಷಕರಿದ್ದ ಊರಿಗೇ ಹೋಗುತ್ತದೆಯೇ ಹೊರತು ಖಾಲಿಯಾಗುತ್ತಿರುವ ಶಾಲೆಗಲ್ಲ. ಸಂಘ ಎತ್ತುವ ಚಂದಾದಲ್ಲಿ ಕಟ್ಟಡ ಏಳುವ ಮೊದಲು ಮಾಡಬಹುದಾದ ಕೆಲಸವಿದೆ. ಸಂಜೆ ಒಂದು ಗಂಟೆ ಇಂಗ್ಲಿಷ್ ಮಾತನಾಡಲು ಕಲಿಸುವ ಒಬ್ಬ ಪದವೀಧರ ಹುಡುಗಿಗೆ ಗೌರವಧನ ಕೊಡಿ. ನಮ್ಮ ಕಾಲೇಜು ವಿದ್ಯಾರ್ಥಿನಿಯರೇ ಬೇಕಾದಷ್ಟು ಜನ ಇಲ್ಲಿ ಕುಳಿತಿದ್ದಾರೆ. ಇದು ಸರ್ಕಾರ ಕೊಡಬೇಕಾದ ಹಣಕ್ಕೆ ಬದಲಿ ಅಲ್ಲ, ಅದರ ಮೇಲೆ ಹೆಚ್ಚಿಗೆ. ಹೆಂಚು, ಶೌಚಾಲಯ, ಶಿಕ್ಷಕರ ಹುದ್ದೆಗೆ ಸಂಘದ ಒಂದು ರೂಪಾಯಿಯೂ ಬೇಡ. ಅದಕ್ಕೆ ಅರ್ಜಿ ಬರೆಯೋಣ, ಸಹಿ ಹಾಕೋಣ, ತಾಲ್ಲೂಕಿಗೆ ನಾಲ್ಕು ಸಲ ಹೋಗೋಣ.

ಹೋಗಬೇಕಾದವರು ಯಾರು ಎಂಬುದನ್ನು ಕಾನೂನೇ ಹೇಳಿದೆ. ಕರ್ನಾಟಕದಲ್ಲಿ 2001ರಲ್ಲೇ ಎಸ್‌ಡಿಎಂಸಿ ಬಂತು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಅರ್ಧ ಮಹಿಳೆಯರು ಇರಬೇಕು. ಅನುದಾನ ಎಷ್ಟು ಬಂತು, ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಅವರ ಕೆಲಸ. ನಮ್ಮ ಶಾಲೆಯಲ್ಲಿ ಸಭೆ ಕರೆದರೆ ಬರುವುದು ನಾಲ್ಕು ಜನ. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ‘ನಮಗೇನು ಗೊತ್ತಾಗುತ್ತೆ ಟೀಚರ್, ನೀವೇ ಬರ್ಕೊಳ್ಳಿ’ ಎಂದು ಹೋಗುತ್ತಾರೆ. ಓದು ಬರಹ ಬಲ್ಲ, ಅಧಿಕಾರಿಯ ಮುಂದೆ ನಿಂತು ಮಾತನಾಡಬಲ್ಲ ತಂದೆತಾಯಿಗಳ ಮಕ್ಕಳು ನಮ್ಮ ಶಾಲೆಯಲ್ಲಿಲ್ಲ. ಮಗು ಇಲ್ಲದ ಮೇಲೆ ಅವರು ಸಮಿತಿಯಲ್ಲಿ ಇರುವಂತೆಯೂ ಇಲ್ಲ. 15,000 ಹೋದದ್ದಕ್ಕಿಂತ ಇದು ದೊಡ್ಡ ನಷ್ಟ ಎಂದು ನನಗೆ ಅನ್ನಿಸುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ರಜೆಯಲ್ಲಿ ನೀವು ಓದಿದ ಪ್ರಾಥಮಿಕ ಶಾಲೆಗೆ ಹೋಗಿ. ಈ ವರ್ಷ ಎಷ್ಟು ಅನುದಾನ ಬಂತು ಎಂದು ಮುಖ್ಯ ಶಿಕ್ಷಕರನ್ನು ವಿನಯದಿಂದ ಕೇಳಿ. ಹೇಳುತ್ತಾರೆ, ಮುಚ್ಚಿಡುವಂಥದ್ದಲ್ಲ. ಆಮೇಲೆ ನಿಮ್ಮ ಅಮ್ಮನಿಗೋ ಚಿಕ್ಕಮ್ಮನಿಗೋ ಅದನ್ನು ಓದಿ ಹೇಳಿ, ಸಭೆಯ ದಿನ ಜೊತೆಯಲ್ಲಿ ಹೋಗಿ ಹಿಂದೆ ಕುಳಿತುಕೊಳ್ಳಿ.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಮಗಳನ್ನು ನಡುವೆ ಎಬ್ಬಿಸಿ ಕರೆತರುವುದು ಸರಿಯೇ ಎಂದು ನಾವು ಮನೆಯಲ್ಲಿ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಅವಳಿಗೆ ಅಲ್ಲಿ ಗೆಳತಿಯರಿದ್ದಾರೆ. ಮಗ ಬರುವ ಜೂನ್‌ಗೆ ಒಂದನೆಯ ತರಗತಿ. ಅವನ ಅರ್ಜಿಯನ್ನು ನಮ್ಮ ಶಾಲೆಯಲ್ಲಿಯೇ ತುಂಬಿಸಿದ್ದೇನೆ, ಅತ್ತೆಯವರು ಎರಡು ದಿನ ಮಾತು ಬಿಟ್ಟಿದ್ದರು, ಈಗ ಸರಿಹೋಗಿದ್ದಾರೆ. ಅವನನ್ನು ಬಿಟ್ಟು ಲೆಕ್ಕ ಹಾಕಿದರೆ ಐದನೆಯ ತರಗತಿ ಮುಗಿಸಿ ಹೋಗುವವರು ಎಷ್ಟೋ ಅಷ್ಟೇ ಮಂದಿ ಹೊಸಬರು ಹೆಸರು ಬರೆಸಿದ್ದಾರೆ. ಅಂದರೆ 29. ನನ್ನ ಮಗ ಸೇರಿದರೆ 30. 25,000ದ ಪಟ್ಟಿಗೆ 31 ಬೇಕು. ದಾಖಲಾತಿ ಇನ್ನೂ ತೆರೆದಿದೆ.